ಕಕ್ಕಬ್ಬೆಯ ಕಾಫಿ ಕಣದಲ್ಲಿ ಒಂದು ರಾತ್ರಿ

ನೀಹಾರಿಕೆಗಳ, ಅಂದರೆ ಬಾಹ್ಯಾಕಾಶದ ಅನಿಲ-ಧೂಳಿನ ಮೋಡಗಳ, ಚಿತ್ರ ತೆಗೆಯಲೆಂದು ಕೊಡಗಿಗೆ ಹೊರಡುವವರು ಹೋಮ್‌ಸ್ಟೇ ಗೊತ್ತುಮಾಡುವ ಮೊದಲು ಅಂಗಳದಿಂದ ಉತ್ತರ ದಿಕ್ಕು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಇಲ್ಲಿನ ಅಕ್ಷಾಂಶ ಸುಮಾರು 12 ಡಿಗ್ರಿಯಾದ್ದರಿಂದ ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ತೋಟದ ಒಂದು ಸಿಲ್ವರ್ ಓಕ್ ಮರ ಅಡ್ಡ ಬಂದರೂ ಸಾಕು, ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸುವ ಟ್ರ್ಯಾಕರ್‌ನ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸುವ ಹತ್ತು ನಿಮಿಷದ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ.

2026ರ ಜನವರಿ 17ರ ಶನಿವಾರ, ಅಮಾವಾಸ್ಯೆಯ ಹಿಂದಿನ ದಿನ, ನಾನೂ ಗೆಳೆಯನೂ ಮೈಸೂರಿನಿಂದ ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ಮಾರ್ಗವಾಗಿ ಕಕ್ಕಬ್ಬೆ ತಲುಪಿದಾಗ ಆದದ್ದೂ ಇದೇ. ನಮಗೆ ಕೊಟ್ಟ ಕೋಣೆಯ ಮುಂದೆ ಉತ್ತರಕ್ಕೆ ಮೆಣಸಿನ ಬಳ್ಳಿ ಹಬ್ಬಿದ ಮರಗಳೇ ತುಂಬಿದ್ದವು. ಉಳಿದದ್ದು ಕಾಫಿ ಒಣಗಿಸುವ ಕಣ. "ಮೂರು ಕಾಲಿಗೆ ಎಷ್ಟು ಜಾಗ ಬೇಕು ಸಾರ್?" ಎನ್ನುತ್ತಲೇ ಮನೆಯ ಯಜಮಾನರು ಹಣ್ಣನ್ನು ಬದಿಗೆ ಎಳೆದು ಒಂದು ಮೂಲೆ ಬಿಡಿಸಿಕೊಟ್ಟರು. ಕಾವಲಿಗೆಂದು ರಾತ್ರಿಯಿಡೀ ಉರಿಯುವ ದೀಪವನ್ನು ಆರಿಸಲು ಮಾತ್ರ ಒಪ್ಪದೆ, ನಮ್ಮ ಕಡೆಗೊಂದು ಗೋಣಿಚೀಲ ಇಳಿಬಿಟ್ಟರು. ಅಷ್ಟೇ ಸಾಕಾಯಿತು.

ಹಗಲೆಲ್ಲ ಕಾದ ಸಿಮೆಂಟು ನೆಲ ಇರುಳಿನಲ್ಲಿ ಬಿಸಿಯನ್ನು ಬಿಡುತ್ತಿರುವುದರಿಂದ ಅದರ ಮೇಲಿನ ಗಾಳಿ ಕಲಕಿ ಗ್ರಹದ ಬಿಂಬ ಅಲುಗಾಡುತ್ತದೆ. ಹೀಗಾಗಿ ನೀಹಾರಿಕೆ ಮೊದಲು, ಗ್ರಹ ಆಮೇಲೆ ಎಂಬ ಕ್ರಮ ಒಳ್ಳೆಯದು. ಸುಮಾರು 1,300 ಜ್ಯೋತಿರ್ವರ್ಷ ದೂರದ ಮಹಾವ್ಯಾಧ (ಓರಿಯನ್) ನೀಹಾರಿಕೆ ಹತ್ತು ಗಂಟೆಯ ಹೊತ್ತಿಗೆ ಚೆನ್ನಾಗಿ ಮೇಲೇರಿತ್ತು. 200 ಮಿಮೀ ಲೆನ್ಸಿನಲ್ಲಿ ಒಂದೊಂದು ನಿಮಿಷದ ಚಿತ್ರಗಳನ್ನು ತೆಗೆದೆವು. ಅದರ ನಡುಭಾಗ ಬೆಳ್ಳಗೆ ಸುಟ್ಟುಹೋಗುವುದರಿಂದ, ಅದಕ್ಕಾಗಿ ಐದು ಸೆಕೆಂಡಿನ ಇಪ್ಪತ್ತು ಚಿತ್ರಗಳನ್ನು ಬೇರೆಯಾಗಿ ತೆಗೆದು ಆಮೇಲೆ ಬೆರೆಸಿಕೊಂಡೆವು.

ಹನ್ನೊಂದರ ಸುಮಾರಿಗೆ ನಕ್ಷತ್ರಗಳು ಹತ್ತಿಯಂತೆ ಊದಿಕೊಂಡವು. ಟಾರ್ಚು ಹಾಕಿ ನೋಡಿದರೆ ಲೆನ್ಸಿನ ತುಂಬ ಇಬ್ಬನಿ. ಇಬ್ಬನಿ ಕೂರದಂತೆ ಲೆನ್ಸನ್ನು ಬೆಚ್ಚಗಿಡುವ ಯುಎಸ್‌ಬಿ ಪಟ್ಟಿಯನ್ನು ಮನೆಯಲ್ಲೇ ಮರೆತಿದ್ದು ನನ್ನದೇ ತಪ್ಪು. ಕೊನೆಯ ನಲವತ್ತು ಚಿತ್ರಗಳು ಕಸಕ್ಕೆ ಹೋದವು. ಒರೆಸಿದರೆ ಗೀರು ಬೀಳುವ ಭಯವಿದೆ, ಆದ್ದರಿಂದ ಹೇರ್ ಡ್ರೈಯರ್‌ನಿಂದ ದೂರದಿಂದಲೇ ಬಿಸಿಗಾಳಿ ಹಿಡಿದೆವು. ನಡುವೆ ಬಂದ ಬೆಲ್ಲದ ಕಾಫಿಯ ಹಬೆಯನ್ನೂ ಲೆನ್ಸಿನಿಂದ ದೂರವಿಡಬೇಕಾಯಿತು.

ನಡುರಾತ್ರಿಗೆ ಗುರು ಗ್ರಹ ನೆತ್ತಿಯ ಸಮೀಪವಿತ್ತು. ಆರು ಇಂಚಿನ ದೂರದರ್ಶಕದಲ್ಲಿ ವೀಡಿಯೊ ಮಾಡಿ, ಸ್ಪಷ್ಟವಾದ ಫ್ರೇಮುಗಳನ್ನಷ್ಟೇ ಆಯ್ದು ಒಂದರ ಮೇಲೊಂದು ಜೋಡಿಸಬೇಕು. ಆ ಗ್ರಹ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ವೀಡಿಯೊ ಎರಡು ನಿಮಿಷ ಮೀರದಿರಲಿ, ಇಲ್ಲವಾದರೆ ಪಟ್ಟೆಗಳ ವಿವರ ಕಲಸಿಹೋಗುತ್ತದೆ.

ತಡಿಯಂಡಮೋಳ್ ಶಿಖರದ ಮೇಲೆ ರಾತ್ರಿ ತಂಗಲು ಅನುಮತಿಯಿಲ್ಲ. ತೋಟದ ದಾರಿಗಳಲ್ಲಿ ಆನೆಯ ಭಯವೂ ಇರುವುದರಿಂದ ಕತ್ತಲಾಗುವ ಮೊದಲೇ ತಂಗುದಾಣ ಸೇರಿಕೊಳ್ಳಿ. 2027ರ ಫೆಬ್ರುವರಿ 6ರ ಶನಿವಾರ ಅಮಾವಾಸ್ಯೆ, ಮರುವಾರವೇ ಗುರು ಸೂರ್ಯನಿಗೆ ನೇರ ಎದುರು ಬರುತ್ತದೆ, ಹಾಗಾಗಿ ಎರಡರ ಚಿತ್ರಕ್ಕೂ ಅದು ಒಳ್ಳೆಯ ಸಮಯ. ಆಗ ರೊಬಸ್ಟಾ ಕೊಯ್ಲಿನ ಕಾಲವಾದ್ದರಿಂದ, ಕಣದಲ್ಲಿ ಒಂದು ಮೂಲೆ ಬೇಕೆಂದು ಮೊದಲೇ ಹೇಳಿಟ್ಟಿರಿ.