ಆ ಹಸಿರು ಮೈಬಣ್ಣ ಸರಿಮಾಡಬೇಡಿ

ಪ್ರಿಂಟಿಂಗ್ ಪ್ರೆಸ್‌ನಲ್ಲಿ ನನ್ನದು ಕಲರ್ ಕರೆಕ್ಷನ್ ಕೆಲಸ. ಸೀರೆ ಕ್ಯಾಟಲಾಗ್, ಮದುವೆ ಆಲ್ಬಮ್, ಆಗಾಗ ಕಲಾ ಪುಸ್ತಕಗಳು. ಮೈಬಣ್ಣಕ್ಕೆ ನಮ್ಮಲ್ಲೊಂದು ಲೆಕ್ಕ ಇದೆ. ಮೆಜೆಂಟಾ ಅಂದರೆ ಗುಲಾಬಿ-ಕೆಂಪು ಶಾಯಿ, ಅದಕ್ಕಿಂತ ಹಳದಿ ಸ್ವಲ್ಪ ಜಾಸ್ತಿ; ಸಿಯಾನ್ ಅಂದರೆ ಹಸಿರು-ನೀಲಿ ಶಾಯಿ, ಅದು ತುಂಬಾ ಕಡಿಮೆ. ಸಿಯಾನ್ ಏರಿತೋ, ಮುಖ ಕಾಯಿಲೆ ಬಿದ್ದವರ ಥರ ಕಾಣುತ್ತದೆ. ಈ ಲೆಕ್ಕ ಕೈಗೆ ಎಷ್ಟು ರೂಢಿಯಾಗಿರುತ್ತದೆ ಅಂದರೆ, ಯಾವ ಚಿತ್ರ ಅಂತ ನೋಡುವ ಮೊದಲೇ ಮೌಸ್ ಓಡಿರುತ್ತದೆ.

ಆಸ್ಟ್ರಿಯಾದ ಚಿತ್ರಕಾರ ಎಗೋನ್ ಶೀಲೆ 1910ರಲ್ಲಿ ಬರೆದ ತನ್ನದೇ ಬೆತ್ತಲೆ ಚಿತ್ರಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದು ವಿಯೆನ್ನಾದ ಲಿಯೋಪೋಲ್ಡ್ ಮ್ಯೂಸಿಯಂನಲ್ಲಿದೆ. ಬರೆದಾಗ ಅವನಿಗೆ ಸುಮಾರು 20 ವರ್ಷ. ಮೈಯೆಲ್ಲ ಹಸಿರು ಬೆರೆತ ಹಳದಿ. ಪಕ್ಕೆಲುಬು ಎದ್ದು ಕಾಣುತ್ತವೆ. ಕಣ್ಣು, ಮೊಲೆತೊಟ್ಟು, ಹೊಕ್ಕುಳು ಕೆಂಡದ ಹಾಗೆ ಕೆಂಪು. ಸಿಯಾನ್ ಇಳಿಸಿದರೆ ಮೈ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಅವನು ಬೇಕಂತಲೇ ತಂದ ಆ ಸಂಕಟ ಪೂರ್ತಿ ಹೋಗಿಬಿಡುತ್ತದೆ.

ಮೈಗಿಂತ ಕಷ್ಟದ್ದು ಹಿನ್ನೆಲೆ. ಅವನು ಕೂತಿದ್ದಾನೆ, ಆದರೆ ಕುರ್ಚಿಯಿಲ್ಲ, ನೆಲವಿಲ್ಲ, ಗೋಡೆಯಿಲ್ಲ. ಸುತ್ತಲೂ ಬಿಳಿ. ಆ ಒಂಟಿತನ ಹುಟ್ಟುವುದೇ ಅಲ್ಲಿ. ಅದು ಕಾಗದದ ಬಿಳಿ ಅಲ್ಲ, ಕುಂಚದಿಂದ ಬಳಿದ ಬಿಳಿ. ಪ್ರಿಂಟ್‌ನಲ್ಲಿ ಬಣ್ಣ ಮೂಡುವುದು ಶಾಯಿಯ ಸಣ್ಣ ಸಣ್ಣ ಚುಕ್ಕಿಗಳಿಂದ. ಕ್ಲೀನ್ ಆಗಲಿ ಅಂತ ಹೈಲೈಟ್, ಅಂದರೆ ಅತಿ ತಿಳಿಯಾದ ಭಾಗ, ಇನ್ನೂ ಬೆಳ್ಳಗೆ ಮಾಡಿದರೆ ಅಲ್ಲಿ ಚುಕ್ಕಿಯೇ ಬೀಳುವುದಿಲ್ಲ. ಆಮೇಲೆ ಆಕೃತಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಹಾಗಾಗಿ ಅತಿ ತೆಳುವಾದ ಜಾಗದಲ್ಲೂ ಹಳದಿಯ ಸಣ್ಣ ಚುಕ್ಕಿ ಉಳಿಸುತ್ತೇನೆ. ಮೆಷಿನ್ ಹತ್ತಿರ ನಿಂತು, ಮೊದಲು ಬಂದ ಹಾಳೆಗಳಲ್ಲಿ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡುವುದೂ ಅದನ್ನೇ. ಆ ಬಿಳಿಗೆ ಹಿಡಿಯುವಷ್ಟು ಹೊತ್ತು ಮೈಬಣ್ಣಕ್ಕೂ ಹಿಡಿಯುವುದಿಲ್ಲ.

ಒಮ್ಮೆ ಪುಟ ಕಟ್ಟುವ ಹುಡುಗಿ ಬಂದು ಕೇಳಿದಳು: "ಸರ್, ಪಾದ ಕಟ್ ಆಗಿದೆ, ಪೂರ್ತಿ ಫೈಲ್ ತರಿಸೋಣ್ವಾ?" ಒಳ್ಳೆ ಪ್ರಶ್ನೆ ಅದು. ನಮ್ಮಲ್ಲಿ ಬಹಳ ಜನ ಕೇಳುವುದೇ ಇಲ್ಲ. ಪಾದ ಕಟ್ ಆಗಿರಲಿಲ್ಲ, ಶೀಲೆ ಬರೆದೇ ಇಲ್ಲ. ಕಾಲು ಮೊಟಕಾಗಿ ಅಲ್ಲಿಗೇ ಮುಗಿಯುತ್ತದೆ. ಅವನಿಗೆ ಊರಿ ನಿಲ್ಲಲು ಪಾದವೂ ಇಲ್ಲ ಅಂತ ಗೊತ್ತಾದಾಗ ಅವಳು ತುಂಬಾ ಹೊತ್ತು ಸ್ಕ್ರೀನನ್ನೇ ನೋಡುತ್ತಾ ನಿಂತಳು.

ಆಮೇಲಿಂದ ಇಂಥ ಕೆಲಸ ಬಂದರೆ ಜಾಬ್ ಕಾರ್ಡ್ ಮೇಲೆ ಮೂಲ ಚಿತ್ರದ ಅಳತೆ ಬರೆಯುತ್ತೇವೆ. ಇದು 152.5 × 150 ಸೆಂಟಿಮೀಟರ್, ಹೆಚ್ಚೂಕಡಿಮೆ ಚೌಕ. ಪುಟ ತುಂಬಲಿ ಅಂತ ಯಾರಾದರೂ ಬಿಳಿ ಜಾಗ ಕತ್ತರಿಸಿದ್ದರೆ ಸ್ಕೇಲ್ ಇಟ್ಟ ತಕ್ಷಣ ಸಿಕ್ಕಿಬೀಳುತ್ತದೆ.