ಆಲಮಟ್ಟಿ ಹಿನ್ನೀರಿಗೆ ಹಾಯಿದೋಣಿ ಒಯ್ಯುವವರಿಗೆ: ಮೊದಲು ಕಂಬ ಮಡಚುವಂತೆ ಮಾಡಿಸಿ

ಆಲಮಟ್ಟಿ ಹಿನ್ನೀರಿಗೆ ಸಣ್ಣ ಹಾಯಿದೋಣಿ ಒಯ್ಯುವ ಯೋಚನೆ ಇದ್ದರೆ ಬಣ್ಣ, ಇಂಜಿನ್, ಹೊಸ ಹಾಯಿ ಎಲ್ಲ ಆಮೇಲೆ ನೋಡಿಕೊಳ್ಳಿ. ಮೊದಲು ಹಾಯಿಕಂಬ ಮಡಚುವ ಹಾಗೆ ಮಾಡಿಸಿ. ಇಲ್ಲಿ ನಿಮ್ಮನ್ನು ತಡೆಯುವುದು ನೀರಲ್ಲ, ತಲೆಯ ಮೇಲಿರುವ ವಸ್ತುಗಳು. ಕೊರ್ತಿ ಮತ್ತು ಕೊಲ್ಹಾರದ ನಡುವಿನ ಉದ್ದನೆಯ ಸೇತುವೆ ದೂರದಿಂದಲೇ ಕಾಣುತ್ತದೆ, ಅದಕ್ಕೆ ಯಾರೂ ಹೋಗಿ ಗುದ್ದುವುದಿಲ್ಲ. ಆದರೆ ದಂಡೆಯ ಪಂಪ್‌ಸೆಟ್‌ಗಳಿಗೆ ಎಳೆದ ಕರೆಂಟ್ ತಂತಿಗಳು ಬಿಸಿಲಿನಲ್ಲಿ ಕಾಣುವುದೇ ಇಲ್ಲ. ನಮ್ಮ ಕಂಬ 22 ಅಡಿ, ಅದೂ ಅಲ್ಯೂಮಿನಿಯಂ. ತಂತಿಗೆ ತಾಗಿದರೆ ಕಥೆ ಮುಗಿಯಿತು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಬೇಸಿಗೆಯಲ್ಲಿ ನೀರು ಬಹಳ ಕೆಳಗೆ ಇಳಿದಿರುತ್ತದೆ. ಬೇಸಿಗೆಯಲ್ಲಿ ಬಂದು ನೋಡಿ, ತಂತಿ ಎಷ್ಟೋ ಎತ್ತರದಲ್ಲಿದೆ ಅಂತ ಧೈರ್ಯ ಮಾಡಿಕೊಂಡು ಹೋದವರು, ಮಳೆಗಾಲ ಮುಗಿದ ಮೇಲೆ ಅದೇ ತಂತಿಯ ಕೆಳಗೆ ದೋಣಿ ನಡೆಸಲಾರರು. ತಂತಿ ಇದ್ದಲ್ಲೇ ಇರುತ್ತದೆ, ನೀರು ನಿಮ್ಮನ್ನು ಅದರ ಹತ್ತಿರ ಎತ್ತಿಕೊಂಡು ಹೋಗಿರುತ್ತದೆ. ಹೊರಡುವ ದಿನದ ಮಟ್ಟ ಪೇಪರಿನಲ್ಲೇ ಬರುತ್ತದೆ, ನೋಡಿಕೊಳ್ಳಿ.

ನಮ್ಮದು 17 ಅಡಿಯ ಹಳೆಯ ಫೈಬರ್ ದೋಣಿ. ಗೋವಾದಲ್ಲಿ ಮಳೆ, ಬಿಸಿಲಿಗೆ ಬಿದ್ದಿದ್ದನ್ನು ಕೊಂಡು, ಚೋರ್ಲಾ ಘಾಟ್ ಹತ್ತಿಸಿ ಬೆಳಗಾವಿಗೆ ತಂದಿದ್ದೆವು. ರಿಪೇರಿಗೆ ಬೆಳಗಾವಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಸಮುದ್ರ ಇಲ್ಲ ಅಷ್ಟೇ. ಉದ್ಯಮಬಾಗದಲ್ಲಿ ಲೇತ್, ವೆಲ್ಡಿಂಗ್, ಫೌಂಡ್ರಿ ಎಲ್ಲ ಅಕ್ಕಪಕ್ಕದಲ್ಲೇ ಇವೆ. ಕಂಬದ ಬುಡಕ್ಕೆ ಸ್ಟೀಲ್ ಪಟ್ಟಿಯ ಕೀಲು ಮಾಡಿಸಿದೆವು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಕಂಬಕ್ಕೆ ಎರಡೂ ಪಕ್ಕದಿಂದ ಆಸರೆ ಕೊಡುವ ತಂತಿಗಳ ಬುಡ, ಕೀಲಿನ ಬೋಲ್ಟ್‌ನ ನೇರದಲ್ಲೇ, ಅದೇ ಎತ್ತರದಲ್ಲಿ ಇರಬೇಕು. ಹಿಂದೆ ಮುಂದೆ ಆದರೆ ಕಂಬ ಇಳಿಸುವಾಗ ಆ ತಂತಿಗಳು ಒಮ್ಮೆ ಬಿಗಿಯುತ್ತವೆ, ಒಮ್ಮೆ ಸಡಿಲಾಗುತ್ತವೆ, ಕಂಬ ಪಕ್ಕಕ್ಕೆ ವಾಲುತ್ತದೆ. ದೋಣಿಯ ಮೂತಿಯಿಂದ ಕಂಬಕ್ಕೆ ಹೋಗುವ ತಂತಿಗೆ ನಾಲ್ಕು ಸುತ್ತಿನ ಕಪ್ಪಿ ಹಾಕಿದರೆ ಒಬ್ಬರೇ ಕಂಬ ಇಳಿಸಬಹುದು. ನನ್ನ ಭಾವ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಚಹಾ ಹಿಡಿದು ಇಳಿಸಿ ತೋರಿಸಿದ. ಹಾಗೆ ಮಾಡಬೇಕಾಗಿಲ್ಲ.

ಎಲ್ಲಿ ದುಡ್ಡು ಉಳಿಸಬಹುದು ಅಂತ ಕೇಳಿದರೆ, ಸ್ಟೀಲಿನಲ್ಲಿ. ಸಮುದ್ರದವರು 316 ಗ್ರೇಡ್ ಬೇಕೇ ಬೇಕು ಅನ್ನುತ್ತಾರೆ. ಅವರಿಗೆ ಅದು ಸರಿ, ಉಪ್ಪುನೀರು. ಇದು ಕೃಷ್ಣೆಯ ಸಿಹಿನೀರು, 304 ಸಾಕು. ಎಲ್ಲಿ ಉಳಿಸಬಾರದು ಅಂದರೆ ಪ್ಲೈವುಡ್ ಮತ್ತು ಅಂಟಿನಲ್ಲಿ. ಅಂಗಡಿಯವರು "ವಾಟರ್‌ಪ್ರೂಫ್ ಐತ್ರಿ" ಅಂದಿದ್ದನ್ನೆಲ್ಲ ನಂಬಬೇಡಿ, ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿ. ಐಎಸ್ 303 ಇದ್ದರೆ ಅದು ಮನೆಯ ಕಪಾಟಿಗೆ. ಹಳೆ ಫೈಬರ್ ಮೇಲೆ ಹೊಸ ತೇಪೆ ಹಾಕುವಾಗ ಅಗ್ಗದ ಪಾಲಿಯೆಸ್ಟರ್ ರಾಳ ಗಟ್ಟಿಯಾಗಿ ಹಿಡಿಯುವುದಿಲ್ಲ, ಎಪಾಕ್ಸಿ ಹಿಡಿಯುತ್ತದೆ. ಮೊದಲು ಚೆನ್ನಾಗಿ ಉಜ್ಜಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಎಪಾಕ್ಸಿ ಕಲಸುವವರು ಸ್ವಲ್ಪಸ್ವಲ್ಪವೇ ಕಲಸಿ. ಒಂದು ಮಗ್ ತುಂಬ ಕಲಸಿದರೆ ಬ್ರಷ್ ಅದ್ದುವುದರೊಳಗೆ ಹೊಗೆಯಾಡಿ ಕಲ್ಲಾಗುತ್ತದೆ. ಮೇಲೆ ಬಣ್ಣ ಹಚ್ಚುವುದು ಚೆಂದಕ್ಕಲ್ಲ, ಬಿಸಿಲಿಗೆ ಎಪಾಕ್ಸಿ ಕೆಡುತ್ತದೆ.

ಹಾಯಿಯ ಹೊಲಿಗೆ ಮಾಡಿದ್ದು ಶಾಮಿಯಾನ ಹೊಲಿಯುವ ಒಬ್ಬ ಕಾಕಾ. ಹಾಯಿಯ ಕೆಳಗಿನ ಮೂರನೇ ಒಂದು ಭಾಗವನ್ನು ಮಡಚಿ ಕಟ್ಟುವ ಹಾಗೆ ಅಡ್ಡ ಸಾಲಿನಲ್ಲಿ ತೂತು, ಲಾಡಿ ಹಾಕಿಸಿದೆವು. "ಗಾಳಿಗೆ ಹಾಯಿ ಕಟ್ಟತೀರಿ, ಮತ್ತ ಗಾಳಿ ಬಂದ್ರ ಮಡಚತೀರಿ, ಏನ್ ಹಕೀಕತ್ತೋ ಸಾಹೇಬ್ರ" ಅಂದರು ಕಾಕಾ. ಆದರೆ ಮೂಲೆಗಳಿಗೆ ಅವರು ಹಾಕಿದ ಮೂರು ಪದರದ ಪಟ್ಟಿ ಕಂಪನಿ ಹಾಯಿಗೂ ಇರಲಿಲ್ಲ. ದಾರ ಪಾಲಿಯೆಸ್ಟರ್ ಇರಲಿ, ಹತ್ತಿಯದು ಬೇಡ.

ಹಗ್ಗದ ಬಗ್ಗೆ ಒಂದೇ ಮಾತು. ಹಾಯಿ ಏರಿಸುವ ಹಗ್ಗ ಜಗ್ಗಿದರೆ ಉದ್ದವಾಗಬಾರದು, ಅದಕ್ಕೆ ಪಾಲಿಯೆಸ್ಟರ್. ಲಂಗರಿನ ಹಗ್ಗ ಜಗ್ಗಬೇಕು, ಅದಕ್ಕೆ ನೈಲಾನ್. ಅಂಗಡಿಯಲ್ಲಿ ಎರಡೂ ಬಿಳಿ, ಎರಡೂ ಒಂದೇ ಥರ ಕಾಣುತ್ತವೆ. ಕೇಳಿ ತೆಗೆದುಕೊಳ್ಳಿ.

ಸೀಟಿನ ಕೆಳಗೆ 20 ಲೀಟರಿನ ಖಾಲಿ ನೀರಿನ ಕ್ಯಾನ್‌ಗಳನ್ನು ಮುಚ್ಚಳ ಬಿಗಿಮಾಡಿ ಕಟ್ಟಿದ್ದೇವೆ. ಒಂದೊಂದೂ ಹತ್ತಿರ ಹತ್ತಿರ 20 ಕಿಲೋ ತೂಕ ತೇಲಿಸುತ್ತದೆ. ದೋಣಿ ಮಗುಚಿದರೂ ತಳಕ್ಕೆ ಹೋಗುವುದಿಲ್ಲ. ರಾತ್ರಿ ದೀಪಕ್ಕೆ ಯುಪಿಎಸ್‌ನ 7 ಆಂಪಿಯರ್ ಅವರ್ ಬ್ಯಾಟರಿ, 20 ವಾಟ್ ಸೋಲಾರ್ ಫಲಕ. 3 ವಾಟ್ ಎಲ್‌ಇಡಿ ಹತ್ತು ತಾಸು ಉರಿದರೆ ಎರಡೂವರೆ ಆಂಪಿಯರ್ ಅವರ್ ಖರ್ಚು. ಉಳಿದಿದ್ದು ಫೋನಿಗೆ. ಸಣ್ಣ ಫ್ರಿಜ್ ಇಡಬೇಕು ಅಂತ ಭಾವ ಹಟ ಹಿಡಿದಿದ್ದ, ನಾನು ಬೇಡ ಅಂದೆ. ಕಡಕ್ ರೊಟ್ಟಿ ಇರುವ ಸೀಮೆಯಲ್ಲಿ ಫ್ರಿಜ್ ಯಾಕೆ?

ಹೋಗುವ ಕಾಲ ಅಕ್ಟೋಬರಿನಿಂದ ಡಿಸೆಂಬರ್. ಜುಲೈ, ಆಗಸ್ಟ್ ಬೇಡವೇ ಬೇಡ. ಆಗ ಪಡುವಣ ಗಾಳಿ ಜೋರು. ಮೇಲಿನಿಂದ ನೆರೆ ಬರುತ್ತಿರುತ್ತದೆ, ಅಣೆಕಟ್ಟಿನ 26 ಗೇಟುಗಳಲ್ಲಿ ಯಾವುದನ್ನು ಯಾವಾಗ ತೆರೆಯುತ್ತಾರೆ ಅಂತ ನಮಗೆ ಗೊತ್ತಾಗುವುದಿಲ್ಲ. ಚಳಿಗಾಲ ಕಳೆದಂತೆ ನೀರು ಇಳಿಯುತ್ತದೆ, ದಂಡೆಯಲ್ಲಿ ಎರೆಮಣ್ಣಿನ ಕೆಸರು ತೆರೆದುಕೊಳ್ಳುತ್ತದೆ. ರಾಜಹಂಸ, ಪಟ್ಟೆ ತಲೆಯ ಹೆಬ್ಬಾತು ನೋಡುವವರಿಗೆ ಅದೇ ಒಳ್ಳೆಯ ಕಾಲ, ನಮಗೆ ಅದೇ ಕೆಟ್ಟ ಕಾಲ. ಮೊಣಕಾಲವರೆಗೆ ಹೂತು ದೋಣಿ ತಳ್ಳುವ ಹುಮ್ಮಸ್ಸು ನನಗಿಲ್ಲ. ಅನುಮತಿ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಜಲಾಶಯದ ಕಚೇರಿಯಲ್ಲಿ ಬರೆದುಕೊಟ್ಟು, ಠಾಣೆಗೂ ತಿಳಿಸಿ ಇಳಿಯಿರಿ. ಅಣೆಕಟ್ಟಿನ ಕಡೆ ಹೋಗುವ ಮಾತೇ ಬೇಡ.

ಈಗ ರೂಮಿನ ಕಥೆ. ದೋಣಿಯನ್ನು 17 ಅಡಿಯ ಕ್ಯಾಂಟರಿನಲ್ಲಿ ಹೇರಿಕೊಂಡು ಯರಗಟ್ಟಿ, ಲೋಕಾಪುರ ದಾಟಿ ಬಾಗಲಕೋಟೆಗೆ ಸಂಜೆ ಮುಟ್ಟಿದೆವು. ಫೋನಿನಲ್ಲಿ ನೋಡಿ "ಹಿನ್ನೀರಿನ ನೋಟ" ಅಂತ ಬರೆದಿದ್ದ ಲಾಡ್ಜ್ ಹಿಡಿದಿದ್ದೆ, 2,800 ರೂಪಾಯಿ. ಕಿಟಕಿ ತೆರೆದರೆ ಎದುರಿಗೆ ಜನರೇಟರ್. ನೀರು ಎಲ್ಲಿ ಅಂತ ಕೇಳಿದೆ. ಹುಡುಗ ಟೆರೇಸಿಗೆ ಕರೆದುಕೊಂಡು ಹೋಗಿ ಟ್ಯಾಂಕಿನ ಪಕ್ಕ ನಿಲ್ಲಿಸಿ, "ಅಲ್ಲಿ ಬೆಳ್ಳಗ ಕಾಣಸ್ತೈತಲ್ರಿ, ಅದ" ಅಂದ. ಅಷ್ಟಕ್ಕೆ ಸುಮ್ಮನಾದೆವು. ಬೆಳಿಗ್ಗೆ ಬಿಲ್ಲಿನಲ್ಲಿ ಪಾರ್ಕಿಂಗ್ ಅಂತ ಎರಡು ಗಾಡಿಗಳ ದುಡ್ಡು! ಒಂದು ಕ್ಯಾಂಟರ್, ಇನ್ನೊಂದು ಯಾವುದು? ದೋಣಿ. ಕ್ಯಾಂಟರಿನ ಮೇಲೇ ಇದ್ದ ದೋಣಿ. ಮ್ಯಾನೇಜರ್ ನಗದೇ ವಾದಿಸಿದ: "ಅದೂ ವಾಹನ ಅಲ್ಲೇನ್ರಿ?" ಅರ್ಧ ತಾಸು ಜಗಳವಾಡಿ 300 ರೂಪಾಯಿ ಕಡಿಮೆ ಮಾಡಿಸಿದೆವು. ಅದರ ಮೇಲೆ ರಾತ್ರಿಯಿಡೀ ಪಕ್ಕದ ಕಲ್ಯಾಣ ಮಂಟಪದಲ್ಲಿ ಮದುವೆ ಬ್ಯಾಂಡ್. ನನ್ನ ಸಲಹೆ ಕೇಳಿದರೆ ಬೆಳಗಾವಿಯನ್ನು ನಸುಕಿನ ನಾಲ್ಕಕ್ಕೆ ಬಿಡಿ, ರೂಮೇ ಮಾಡಬೇಡಿ. ಬಿಸಿಲೇರುವ ಮುಂಚೆ ದಂಡೆಯಲ್ಲಿರುತ್ತೀರಿ.

ಇಳಿಸಲು ಕ್ರೇನ್ ಬೇಡ. ಬೀಳಗಿ ಕಡೆ ದಂಡೆಯಲ್ಲಿ ಟ್ರ್ಯಾಕ್ಟರ್ ಇರುವ ರೈತರು ಸಿಗುತ್ತಾರೆ. ಕಬ್ಬಿನ ಟ್ರಾಲಿಯಲ್ಲಿ ದೋಣಿ ಇಟ್ಟು ಹಿಂದಕ್ಕೆ ನೀರಿಗಿಳಿಸಿದರೆ ಅದೇ ತೇಲುತ್ತದೆ. ದುಡ್ಡು ಮೊದಲೇ ಮಾತಾಡಿ. ಕಬ್ಬಿನ ಕಟಾವು ಶುರುವಾದ ಮೇಲೆ ಟ್ರಾಲಿ ಸಿಗುವುದು ಕಷ್ಟ, ಅದನ್ನೂ ನೆನಪಿಡಿ.

ನೀರಿನಲ್ಲಿ ಬೆಳಿಗ್ಗೆ ಗಾಳಿಯೇ ಇರುವುದಿಲ್ಲ. ಹುಟ್ಟು ಹಾಕಬೇಕು, ಇಲ್ಲವೇ ಸುಮ್ನೆ ಕೂರಬೇಕು. ಮಧ್ಯಾಹ್ನ ಗಾಳಿ ಏಳುತ್ತದೆ. ಉದ್ದಕ್ಕೆ ತೆರೆದ ಜಾಗದಲ್ಲಿ ತೆರೆಗಳು ಎತ್ತರ ಇಲ್ಲದಿದ್ದರೂ ಒತ್ತೊತ್ತಾಗಿ, ಮೊನಚಾಗಿ ಬರುತ್ತವೆ. ಕಾಕಾ ಹೊಲಿದ ಸಾಲು ಆಗ ಕೆಲಸಕ್ಕೆ ಬಂತು. ಹಾಯಿ ಮಡಚಿ ಕಟ್ಟಿದ ಕೂಡಲೇ ದೋಣಿ ನೆಟ್ಟಗಾಯಿತು, ವೇಗ ಏನೂ ಕಡಿಮೆಯಾಗಲಿಲ್ಲ.

ಮೀನುಗಾರರ ಬಲೆಗಳ ಥರ್ಮಾಕೋಲ್ ತುಂಡುಗಳನ್ನು ನೋಡುತ್ತಾ ಹೋಗಿ. ಬಲೆ ದಾಟಲೇಬೇಕಾದರೆ ತಳದಿಂದ ನೀರಿಗೆ ಇಳಿಬಿಡುವ ಹಲಗೆ, ಚುಕ್ಕಾಣಿ ಎರಡನ್ನೂ ಮೇಲಕ್ಕೆ ಎತ್ತಿ. ಅವರ ಹೊಟ್ಟೆಪಾಡು ಅದು, ಹರಿದರೆ ದುಡ್ಡು ಕೊಡಿ. ಅವರಷ್ಟು ಒಳ್ಳೆಯ ನಕ್ಷೆ ಯಾವ ಫೋನಿನಲ್ಲೂ ಇಲ್ಲ. ಹರಿಗೋಲಿನಲ್ಲಿದ್ದ ಒಬ್ಬರು ದೂರದಿಂದಲೇ ಕೂಗಿದರು: "ಅಣ್ಣಾರ, ಆ ಕಡೆ ಬ್ಯಾಡ್ರಿ, ಹಳೇ ಊರಿನ ಗ್ವಾಡಿ ಅದಾವ!" ಇಲ್ಲಿ ನೀರಿನ ಕೆಳಗೆ ಊರುಗಳಿವೆ. ಗೋಡೆ, ಬಾವಿಕಟ್ಟೆ, ಒಣಗಿದ ಜಾಲಿ ಮರ ಎಲ್ಲ ಹಾಗೇ ನಿಂತಿವೆ. ಭಾವ ಹಳೆ ಬಾಗಲಕೋಟೆಯವನು, ಘಟಪ್ರಭೆಯ ಕಡೆ ಯಾವ ರಸ್ತೆ ಎಲ್ಲಿ ಮುಳುಗಿದೆ ಅಂತ ಅವನಿಗೆ ಬಾಯಿಪಾಠ. ಅಂಥವರು ಜೊತೆಗಿಲ್ಲದಿದ್ದರೆ ಎರಡು ಕಿಲೋ ತೂಕದ ಕಬ್ಬಿಣಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ ಆಳ ನೋಡುತ್ತಾ ಹೋಗಿ. ಜಲಾಶಯದ ಮಟ್ಟವನ್ನು 524.256 ಮೀಟರ್‌ಗೆ ಎತ್ತರಿಸಲು 2010ರಲ್ಲೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದೆ. ಅದು ಆದ ದಿನ ಮೀನುಗಾರರ ಈ ನಕ್ಷೆಯೂ ಬದಲಾಗುತ್ತದೆ, ಇನ್ನಷ್ಟು ಊರುಗಳೂ ಹೋಗುತ್ತವೆ.

ರಾತ್ರಿ ದಂಡೆಗೆ ತೀರಾ ಹತ್ತಿರ ನಿಲ್ಲಬೇಡಿ. ಪಂಪ್‌ಸೆಟ್ಟಿನ ಕೇಬಲ್, ಪೈಪು ನೀರಿನಲ್ಲೇ ಬಿದ್ದಿರುತ್ತವೆ. ತ್ರೀಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿಯೇ ಬರುತ್ತದೆ, ಮೋಟಾರಿನ ಸದ್ದಿಗೆ ನಿದ್ದೆಯೂ ಇಲ್ಲ. ಮೊಸಳೆಗಳೂ ಇವೆ, ಆದ್ದರಿಂದ ದಂಡೆಯ ಹತ್ತಿರ ಈಜು, ಸ್ನಾನ ಬೇಡ. ನಾಲ್ಕು ಕೊಕ್ಕೆಯ ಸಣ್ಣ ಲಂಗರು ಈ ಎರೆಮಣ್ಣಿನಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಅಗಲವಾದ ಎರಡು ರೆಕ್ಕೆಯ ಡ್ಯಾನ್‌ಫೋರ್ತ್ ಮಾದರಿಯದು ಬೇಕು. ರೆಕ್ಕೆಗೂ ದಂಡಕ್ಕೂ 30ರಿಂದ 32 ಡಿಗ್ರಿ ಕೋನ ಅಂತ ಹೇಳಿದರೆ ವೆಲ್ಡಿಂಗ್‌ನವರೇ ಮಾಡಿಕೊಡುತ್ತಾರೆ. ಮೂರು ಮೀಟರ್ ಸರಪಳಿ, ಆಮೇಲೆ ಹಗ್ಗ. ನಾಲ್ಕು ಮೀಟರ್ ಆಳ ಇದ್ದರೆ ಕಡಿಮೆಯೆಂದರೂ 20 ಮೀಟರ್ ಬಿಡಿ, ಗಾಳಿ ಏಳುವ ಹಾಗಿದ್ದರೆ 30.

ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಘಟಪ್ರಭೆ ಸೇರುವ ಜಾಗ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಜನ ಇಲ್ಲ, ಅದೇ ಕಾರಣ. ಆಲಮಟ್ಟಿಯ ಉದ್ಯಾನ, ಕಾರಂಜಿ ನೋಡುವ ಆಸೆ ಇದ್ದರೆ ರಸ್ತೆಯಲ್ಲಿ ಹೋಗಿ, ಭಾನುವಾರ ಬಿಟ್ಟು. ಕೂಡಲಸಂಗಮಕ್ಕೆ ಇದೇ ದೋಣಿಯಲ್ಲಿ ಹೋಗಬಹುದಾ ಅಂತ ಕೆಲವರು ಕೇಳಿದರು. ಆಗುವುದಿಲ್ಲ. ಅದು ಅಣೆಕಟ್ಟಿನ ಕೆಳಗಡೆ, ನಾರಾಯಣಪುರದ ಹಿನ್ನೀರು.

ಊಟಕ್ಕೆ ಮಾತ್ರ ಕಣ್ಣುಮುಚ್ಚಿ ಹೋಗಬಹುದು. ಬೀಳಗಿ ಕ್ರಾಸ್ ಹತ್ತಿರ ಬೋರ್ಡೂ ಇಲ್ಲದ ಒಂದು ಖಾನಾವಳಿ. ತಗಡಿನ ಚಪ್ಪರ, ನಾಲ್ಕು ಬೆಂಚು. ಒಳಗೆ ಇಬ್ಬರು ಅಕ್ಕಂದಿರು ರೊಟ್ಟಿ ಬಡಿಯುತ್ತಿರುತ್ತಾರೆ. ಕೂತ ಕೂಡಲೇ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಜುಣಕ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ಶೇಂಗಾ ಹಿಂಡಿಗೆ ಬೊಗಸೆ ಎಣ್ಣೆ ಬೇಕಾ ಅಂತ ಕೇಳುವುದಿಲ್ಲ, ಹಾಕಿಯೇ ಬಿಡುತ್ತಾರೆ. ಎಣ್ಣೆಗಾಯಿಯಲ್ಲಿ ಗುರೆಳ್ಳಿನ ಪುಡಿ ಬಿದ್ದಿತ್ತು, ಬದನೆ ಎತ್ತಿದರೆ ಕಲಸಿಹೋಗದೆ ಇಡೀ ಬರುತ್ತಿತ್ತು. ರೊಟ್ಟಿ ಮುಗಿಯುವ ಮುಂಚೆ ಇನ್ನೊಂದು ಬೀಳುತ್ತದೆ, ಲೆಕ್ಕ ಇಲ್ಲ. "ಉಣ್ರಿ ಅಣ್ಣಾರ, ನೀರಾಗ ಏನ್ ಸಿಗತೈತಿ" ಅಂತ ಒಬ್ಬ ಅಕ್ಕ ಬಡಿಸಿದ್ದೇ ಬಡಿಸಿದ್ದು. ಇಷ್ಟಕ್ಕೆ 80 ರೂಪಾಯಿ. ಲಾಡ್ಜಿನ ದುಡ್ಡಿನಲ್ಲಿ ಇಲ್ಲಿ ಎಷ್ಟು ಊಟ ಆಗುತ್ತಿತ್ತು ಅಂತ ಭಾವ ಕೈತೊಳೆಯುವಾಗಲೂ ಲೆಕ್ಕ ಹಾಕುತ್ತಿದ್ದ. ಕಡಕ್ ರೊಟ್ಟಿ, ಅಗಸಿ ಹಿಂಡಿ ಅಲ್ಲೇ ಕಟ್ಟಿಸಿಕೊಂಡೆವು. ದೋಣಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಕೆಡುವುದಿಲ್ಲ, ಒಲೆ ಬೇಡ. ತೇವ ತಾಗದಂತೆ ಸ್ಟೀಲ್ ಡಬ್ಬಿಯಲ್ಲಿಡಿ.

ಕೊಲ್ಹಾರ ಮುಟ್ಟಿದ ಮೇಲೆ ಮೊಸರು ತಿನ್ನದೆ ಬರಬೇಡಿ. ಮಣ್ಣಿನ ಗಡಿಗೆಯಲ್ಲಿ ಕೊಡುತ್ತಾರೆ, ಗಡಿಗೆ ಬಗ್ಗಿಸಿದರೂ ಬೀಳದಷ್ಟು ಗಟ್ಟಿ.

ನಾವು ದೋಣಿ ಮೇಲೆತ್ತಿದ್ದು ಕೊಲ್ಹಾರದ ದಂಡೆಯಲ್ಲಿ. ಕ್ಯಾಂಟರ್ ಮಾತಾಡುವಾಗ ಹೋಗುವುದು, ಬರುವುದು ಎರಡೂ ಸೇರಿಸಿಯೇ ಮಾತಾಡಿ, ಎತ್ತುವ ಜಾಗ ಸೇತುವೆಯ ಯಾವ ಕಡೆ ಅಂತ ಮೊದಲೇ ತೋರಿಸಿ. ನಮ್ಮ ಡ್ರೈವರ್ ಕೊರ್ತಿ ಕಡೆ ಕಾಯುತ್ತಾ ಕೂತಿದ್ದ. ಸೇತುವೆ ದಾಟಿ ಬರಲು "ಅದು ಬ್ಯಾರೆ ಜಿಲ್ಲಾ ಆತಲ್ರಿ" ಅಂತ 500 ರೂಪಾಯಿ ಜಾಸ್ತಿ ಕೇಳಿದ. ಕೊಟ್ಟೆವು.