ರಕ್ತನಿಧಿಯ ಫ್ರಿಜ್ಜಿನೊಳಗಿನ ಕೋಶವಿಜ್ಞಾನ

ರಕ್ತನಿಧಿಯೊಂದರಲ್ಲಿ ತಾಂತ್ರಿಕ ಮೇಲ್ವಿಚಾರಕಿಯಾಗಿರುವ ನನಗೆ, ಡಿಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ) ಮುಗಿಸಿ ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುವ ಹೊಣೆಯೂ ಇದೆ. ನಿಯಮಗಳು ಅವರಿಗೆ ಮೊದಲೇ ಬಾಯಿಪಾಠವಾಗಿರುತ್ತವೆ. ಕೆಂಪು ರಕ್ತಕಣಗಳ ಬ್ಯಾಗನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು; ಪ್ಲೇಟ್‌ಲೆಟ್ ಬ್ಯಾಗನ್ನು 20ರಿಂದ 24 ಡಿಗ್ರಿಯಲ್ಲಿ, ಅದೂ ಎಡೆಬಿಡದೆ ಅಲುಗಾಡಿಸುತ್ತ ಇಡಬೇಕು; ರಕ್ತ ಏರಿಸುವ ನಳಿಕೆಯಲ್ಲಿ ಶೇ. 0.9ರ ಸಲೈನ್ (ಉಪ್ಪಿನ ದ್ರಾವಣ) ಬಿಟ್ಟು ಬೇರೆ ದ್ರವ ಹರಿಸಬಾರದು. ನವಜಾತ ಶಿಶುವಿನ ರಕ್ತ ಬದಲಾವಣೆಗೆ ಹಳೆಯ ಬ್ಯಾಗ್ ಕೊಡಬಾರದು. ಹೀಗೇಕೆ ಎಂದು ಕೇಳಿದರೆ, ಕೆಲಸದ ಲಿಖಿತ ನಿಯಮಾವಳಿಯಾದ ಎಸ್‌ಒಪಿಯತ್ತ ಬೊಟ್ಟು ಮಾಡುವ ಒಂದೇ ಉತ್ತರ: “ಎಸ್‌ಒಪಿಯಲ್ಲಿ ಹಾಗೇ ಇದೆ ಮೇಡಂ.” ಇವರೆಲ್ಲ ಪಿಯುಸಿಯಲ್ಲಿ ಜೀವಕೋಶದ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತೆಗೆದುಕೊಂಡವರೇ. ಆ ಚಿತ್ರಕ್ಕೂ ಈ ಫ್ರಿಜ್ಜಿಗೂ ನಂಟಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ತೊಂದರೆ ಇರುವುದು ಆ ಚಿತ್ರದಲ್ಲೇ. ಪಠ್ಯಪುಸ್ತಕದ ಮಾದರಿ ಕೋಶದಲ್ಲಿ ಎಲ್ಲವೂ ಇರುತ್ತದೆ: ನಡುವೆ ಕೋಶಕೇಂದ್ರ, ಸುತ್ತ ಮೈಟೊಕಾಂಡ್ರಿಯಾ, ಗಾಲ್ಗಿ ಸಂಕೀರ್ಣ, ರೈಬೋಸೋಮ್‌ಗಳು. ಎಲ್ಲ ಇದ್ದಾಗ ಯಾವುದು ಏಕೆ ಇದೆ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ನಾವು ದಿನವೂ ಮುಟ್ಟುವ ಕೆಂಪು ಕಣವೋ ಇವುಗಳಲ್ಲಿ ಒಂದನ್ನೂ ಉಳಿಸಿಕೊಂಡಿರದ ಕೋಶ. ಆದ್ದರಿಂದ ನಾನು ಕಲಿಸುವಾಗ ಮಾದರಿ ಕೋಶವನ್ನು ಬದಿಗಿಟ್ಟು, ಈ ಬರಿಗೈ ಕೋಶದಿಂದಲೇ ಆರಂಭಿಸುತ್ತೇನೆ.

ಅದು ಹುಟ್ಟುವಾಗ ಬರಿಗೈಯದಲ್ಲ ಎಂಬುದನ್ನು ಮೊದಲು ತಿಳಿಸಬೇಕಾಗುತ್ತದೆ. ಮೂಳೆಮಜ್ಜೆಯಲ್ಲಿರುವ ಅದರ ಪೂರ್ವಜ ಕೋಶಕ್ಕೆ ದೊಡ್ಡ ಕೋಶಕೇಂದ್ರವಿದೆ. ಆ ಕೋಶಕೇಂದ್ರದಲ್ಲಿ 16ನೇ ವರ್ಣತಂತುವಿನ ಆಲ್ಫಾ ಗ್ಲೋಬಿನ್ ಜೀನ್‌ಗಳೂ 11ನೆಯದರ ಬೀಟಾ ಗ್ಲೋಬಿನ್ ಜೀನ್ ಕೂಡ ಬಿಡುವಿಲ್ಲದೆ ನಕಲಾಗುತ್ತಿರುತ್ತವೆ. ಆ ಎಂ-ಆರ್‌ಎನ್‌ಎ ನಕಲುಗಳನ್ನು ಓದಿ ರೈಬೋಸೋಮ್‌ಗಳು ಗ್ಲೋಬಿನ್ ಸರಪಳಿಗಳನ್ನು ಕಟ್ಟುತ್ತವೆ. ಕಬ್ಬಿಣ ಹಿಡಿದಿಡುವ ಹೀಮ್‌ನ ತಯಾರಿಕೆಯ ಮೊದಲ ಮತ್ತು ಕೊನೆಯ ಹಂತಗಳು ಮೈಟೊಕಾಂಡ್ರಿಯಾದ ಒಳಗೆ ನಡೆಯುತ್ತವೆ. ಹೀಮ್ ಮತ್ತು ಗ್ಲೋಬಿನ್ ಸೇರಿದರೆ ಹಿಮೋಗ್ಲೋಬಿನ್. ಸಾಕಷ್ಟು ಹಿಮೋಗ್ಲೋಬಿನ್ ತುಂಬಿಕೊಂಡ ಮೇಲೆ ಕೋಶವು ತನ್ನ ಕೋಶಕೇಂದ್ರವನ್ನು ಹೊರಕ್ಕೆ ದೂಡುತ್ತದೆ, ಪಕ್ಕದಲ್ಲಿರುವ ಭಕ್ಷಕ ಕೋಶ ಅದನ್ನು ನುಂಗಿಬಿಡುತ್ತದೆ. ಮೈಟೊಕಾಂಡ್ರಿಯಾ ಕೂಡ ಒಂದೊಂದಾಗಿ ನಾಶವಾಗುತ್ತವೆ. ಅಲ್ಲಿಂದ ಮುಂದಿನ ಸುಮಾರು 120 ದಿನಗಳ ಬಾಳನ್ನು ಕಣವು ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ಕಳೆಯಬೇಕು. ಒಂದು ಪ್ರೋಟೀನ್ ಕೆಟ್ಟರೆ ಹೊಸದನ್ನು ಮಾಡಿಕೊಳ್ಳುವ ದಾರಿ ಅದಕ್ಕಿಲ್ಲ.

ಈ ಮಾತನ್ನು ಕಣ್ಣಿಗೆ ಕಾಣಿಸುವ ಪರೀಕ್ಷೆಯೊಂದು ನಮ್ಮ ಬೆಂಚಿನ ಮೇಲೆಯೇ ಇದೆ. ಒಂದೆರಡು ಹನಿ ರಕ್ತಕ್ಕೆ ಅಷ್ಟೇ ನ್ಯೂ ಮಿಥಿಲೀನ್ ಬ್ಲೂ ಎಂಬ ಬಣ್ಣ ಬೆರೆಸಿ, 37 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟು, ಗಾಜಿನ ಪಟ್ಟಿಯ ಮೇಲೆ ತೆಳುಪದರವಾಗಿ (ಸ್ಮಿಯರ್) ಎಳೆದು ಸೂಕ್ಷ್ಮದರ್ಶಕದ ಆಯಿಲ್ ಇಮ್ಮರ್ಶನ್ ಮಸೂರದಡಿ ನೋಡಿದರೆ, ತಿಳಿಹಸಿರು ಛಾಯೆಯ ಖಾಲಿ ಬಿಲ್ಲೆಗಳ ನಡುವೆ ಅಲ್ಲೊಂದು ಇಲ್ಲೊಂದು ಕಣದೊಳಗೆ ಕಡುನೀಲಿ ಎಳೆಗಳೂ ಚುಕ್ಕಿಗಳೂ ತೊಡಕಿಕೊಂಡಂತೆ ಕಾಣುತ್ತವೆ. ಆ ನೀಲಿ ಬಲೆ ಉಳಿದಿರುವ ರೈಬೋಸೋಮ್‌ಗಳ ಆರ್‌ಎನ್‌ಎ. ಅದನ್ನು ಹೊತ್ತಿರುವ ಕಣ ಮಜ್ಜೆಯಿಂದ ಹೊರಬಂದು ಇನ್ನೂ ಒಂದೆರಡು ದಿನವಷ್ಟೇ ಆಗಿರುವ ರೆಟಿಕ್ಯುಲೋಸೈಟ್. ಜೀನ್ ಕಳುಹಿಸಿದ ಸಂದೇಶದ ಕೊನೆಯ ಪ್ರತಿಗಳನ್ನು ಅದು ಇನ್ನೂ ಓದುತ್ತಿರುತ್ತದೆ. ಕಬ್ಬಿಣದ ಕೊರತೆಯ ರೋಗಿಗೆ ಮಾತ್ರೆ ಆರಂಭಿಸಿದ ಸುಮಾರು ಒಂದು ವಾರಕ್ಕೆ ಈ ಕಣಗಳ ಶೇಕಡಾವಾರು ಏರಿದರೆ, ಮಜ್ಜೆಯಲ್ಲಿ ತಯಾರಿಕೆ ಮತ್ತೆ ಚುರುಕಾಗಿದೆ ಎಂದು ತಿಳಿಯಬಹುದು. ಜೀನ್ ಅಭಿವ್ಯಕ್ತಿ (ಜೀನಿನ ಸಂದೇಶ ಪ್ರೋಟೀನಾಗುವುದು) ಎಂಬುದನ್ನು ಬೆರಳು ಮಡಿಚಿ ಎಣಿಸಲು ಸಾಧ್ಯವಾಗುವ ಸಂದರ್ಭಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಇಲ್ಲವೆಂದ ಮೇಲೆ ಕೆಂಪು ಕಣಕ್ಕೆ ಶಕ್ತಿ ಎಲ್ಲಿಂದ ಬರಬೇಕು? ದೇಹಕ್ಕೆಲ್ಲ ಆಮ್ಲಜನಕ ಹೊರುವ ಕಣ ತಾನು ಮಾತ್ರ ಅದನ್ನು ಬಳಸಲಾರದು. ಗ್ಲೂಕೋಸನ್ನು ಅರ್ಧಕ್ಕೆ ಒಡೆದು, ಒಂದು ಅಣುವಿಗೆ ನಿವ್ವಳ ಎರಡೇ ಎಟಿಪಿ (ಕೋಶದ ಶಕ್ತಿಯ ನಾಣ್ಯ) ಗಳಿಸಿ, ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತ ಬದುಕುತ್ತದೆ. ಇಷ್ಟು ತಿಳಿದ ಮೇಲೆ ಖಾಲಿ ಬ್ಯಾಗ್ ಕೈಗೆ ಕೊಟ್ಟು ಲೇಬಲ್ ಓದಿಸುತ್ತೇನೆ. 450 ಮಿಲಿಲೀಟರ್ ರಕ್ತ ತುಂಬುವ ಬ್ಯಾಗಿನಲ್ಲಿ 63 ಮಿಲಿಲೀಟರ್ ಸಿಪಿಡಿಎ ದ್ರಾವಣ ಮೊದಲೇ ಇರುತ್ತದೆ. ಅದರಲ್ಲಿ ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದುಕೊಂಡು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಡೆಕ್ಸ್ಟ್ರೋಸ್ (ಗ್ಲೂಕೋಸಿನದೇ ಇನ್ನೊಂದು ಹೆಸರು) ಕಣಕ್ಕೆ ಆಹಾರವಾಗುತ್ತದೆ, ಅಡೆನಿನ್ ಎಟಿಪಿ ಕಟ್ಟಲು ಕಚ್ಚಾವಸ್ತುವಾಗುತ್ತದೆ, ಫಾಸ್ಫೇಟ್ ಆಮ್ಲೀಯತೆ ಬೇಗ ಏರದಂತೆ ತಡೆಯುತ್ತದೆ. ಇದರಲ್ಲಿ ರಕ್ತ 35 ದಿನ ಉಳಿಯುತ್ತದೆ. ಎಸ್‌ಎಜಿಎಂ ಎಂಬ ಹೆಚ್ಚುವರಿ ಪೋಷಕ ದ್ರಾವಣ ಸೇರಿಸಿದ ಕೆಂಪು ಕಣಗಳಿಗೆ ಅವಧಿ 42 ದಿನ. ಫ್ರಿಜ್ಜಿನ ತಂಪು ಸೂಕ್ಷ್ಮಾಣುಗಳನ್ನು ತಡೆಯುವುದರ ಜೊತೆಗೆ, ಇರುವ ಗ್ಲೂಕೋಸ್ ಬೇಗ ತೀರಿಹೋಗದಂತೆಯೂ ನೋಡಿಕೊಳ್ಳುತ್ತದೆ.

ಪ್ಲೇಟ್‌ಲೆಟ್‌ಗಳ ವಿಷಯ ಚಿಕ್ಕದು. ಅವಕ್ಕೂ ಕೋಶಕೇಂದ್ರವಿಲ್ಲ, ಆದರೆ ಮೈಟೊಕಾಂಡ್ರಿಯಾ ಇವೆ. ಹಾಗಾಗಿ ಆಮ್ಲಜನಕ ಬೇಕು. ಅನಿಲ ಹಾಯಬಲ್ಲ ವಿಶೇಷ ಪ್ಲಾಸ್ಟಿಕ್ಕಿನ ಬ್ಯಾಗ್, ನಿಲ್ಲದ ಅಲುಗಾಟ ಎರಡೂ ಅದಕ್ಕಾಗಿಯೇ. ತಂಪಿಗೆ ಒಡ್ಡಿದರೆ ಅವುಗಳ ಆಕಾರ ಬದಲಾಗಿ, ರೋಗಿಯ ದೇಹ ಅವನ್ನು ಬೇಗನೆ ತೆಗೆದುಹಾಕುತ್ತದೆ. ಕೋಣೆಯ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿರುವುದರಿಂದ ಅವಧಿ ಐದೇ ದಿನ.

ನವಜಾತ ಶಿಶುವಿಗೆ ಹೊಸ ಬ್ಯಾಗೇ ಏಕೆ ಎಂಬ ಪ್ರಶ್ನೆಗೆ ಉತ್ತರ ಕೋಶಪೊರೆಯಲ್ಲಿದೆ, ಇಲ್ಲಿ ನಾನು ಬೇಕೆಂದೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ಪ್ಲಾಸ್ಮಾದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಪೊಟ್ಯಾಸಿಯಂ ಇದ್ದರೆ, ಕೆಂಪು ಕಣದೊಳಗೆ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ಇರುತ್ತದೆ. ಸೋಡಿಯಂ ಇದಕ್ಕೆ ತದ್ವಿರುದ್ಧ. ಈ ಅಂತರವನ್ನು ಕಾಯುವುದು ಪೊರೆಯಲ್ಲಿ ಹುದುಗಿರುವ ಸೋಡಿಯಂ-ಪೊಟ್ಯಾಸಿಯಂ ಪಂಪು: ಒಂದು ಎಟಿಪಿ ವೆಚ್ಚ ಮಾಡಿ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಡೆನ್ಮಾರ್ಕಿನ ಜೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಈ ಕಿಣ್ವವನ್ನು ಗುರುತಿಸಿದರು, ನಲವತ್ತು ವರ್ಷಗಳ ನಂತರ 1997ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. 4 ಡಿಗ್ರಿಯಲ್ಲಿ ಈ ಪಂಪು ಬಹುತೇಕ ನಿಂತುಹೋಗುತ್ತದೆ. ಸೋರಿಕೆಯೋ ನಿಲ್ಲುವುದಿಲ್ಲ, ಏಕೆಂದರೆ ಸಾಂದ್ರತೆ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಇಳಿಯಲು ಯಾವ ಶಕ್ತಿಯೂ ಬೇಕಿಲ್ಲ. ದಿನ ಕಳೆದಂತೆ ಕಣಗಳ ಹೊರಗಿನ ದ್ರವದಲ್ಲಿ ಪೊಟ್ಯಾಸಿಯಂ ಏರುತ್ತಲೇ ಹೋಗುತ್ತದೆ. ದೊಡ್ಡವರಿಗೆ ನಿಧಾನವಾಗಿ ಒಂದು ಬ್ಯಾಗ್ ಏರಿಸಿದಾಗ ಅದು ಇಡೀ ದೇಹದ ದ್ರವದಲ್ಲಿ ಹಂಚಿಹೋಗುತ್ತದೆ, ಬೆಚ್ಚಗಾದ ಕಣಗಳ ಪಂಪು ಮತ್ತೆ ಚಾಲೂ ಆಗಿ ಪೊಟ್ಯಾಸಿಯಂನ್ನು ಒಳಗೆಳೆದುಕೊಳ್ಳುತ್ತದೆ. ಮೂರು ಕಿಲೋ ತೂಕದ ಮಗುವಿನ ರಕ್ತವನ್ನೆಲ್ಲ ಸ್ವಲ್ಪ ಹೊತ್ತಿನಲ್ಲಿ ಬದಲಿಸುವಾಗ ಅಷ್ಟು ಅವಕಾಶವಿರುವುದಿಲ್ಲ, ಏರಿದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ವಿಕಿರಣಕ್ಕೆ ಒಡ್ಡಿದ ಬ್ಯಾಗಿನ ಅವಧಿಯನ್ನು ಏಕೆ ತಗ್ಗಿಸುತ್ತಾರೆ ಎಂಬುದೂ ಇದರ ಬೆನ್ನಿಗೇ ತಿಳಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದ ರೋಗಿಗಳಿಗೆ ಕೊಡುವ ರಕ್ತಕ್ಕೆ 25 ಗ್ರೇ ಪ್ರಮಾಣದ ವಿಕಿರಣ ಹಾಯಿಸುವುದು, ದಾನಿಯ ಬಿಳಿ ಕಣಗಳು ರೋಗಿಯ ಮೈಯಲ್ಲಿ ವಿಭಜನೆಗೊಂಡು ದಾಳಿ ಮಾಡದಂತೆ ಅವುಗಳ ಡಿಎನ್‌ಎಯನ್ನು ಹಾಳುಗೆಡವಲಿಕ್ಕೆ. ಡಿಎನ್‌ಎಯೇ ಇಲ್ಲದ ಕೆಂಪು ಕಣಕ್ಕೆ ಇದರಿಂದ ಏನೂ ಆಗದು ಎಂದು ಚುರುಕಾದ ವಿದ್ಯಾರ್ಥಿಗಳು ತಟ್ಟನೆ ಹೇಳುತ್ತಾರೆ. ಪೊರೆಗೆ ಪೆಟ್ಟು ಬೀಳುತ್ತದೆ, ಸೋರಿಕೆ ಹೆಚ್ಚುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಇನ್ನು ಸಲೈನ್‌ನ ನಿಯಮ. ಶೇ. 5ರ ಡೆಕ್ಸ್ಟ್ರೋಸ್ ಬಾಟಲಿಯ ಸಾಂದ್ರತೆಯೂ ರಕ್ತದ್ದಕ್ಕೆ ಹತ್ತಿರವೇ ಇದೆಯಲ್ಲ, ಅದೇಕೆ ಆಗದು ಎಂದು ಕೇಳುವವರು ವರ್ಷಕ್ಕೆ ಒಬ್ಬರಾದರೂ ಸಿಗುತ್ತಾರೆ, ಅಂಥವರು ಸಿಕ್ಕರೆ ನನಗೆ ಸಂತೋಷ. ಉತ್ತರವನ್ನು ಬಾಯಲ್ಲಿ ಹೇಳದೆ ಎರಡು ಕೊಳವೆಗಳಲ್ಲಿ ತೋರಿಸುತ್ತೇನೆ. 100 ಮಿಲಿಲೀಟರ್ ನೀರಿನಲ್ಲಿ 12 ಗ್ರಾಂ ಯೂರಿಯಾ ಕರಗಿಸಿದ್ದು ಒಂದು. ಒಟ್ಟು ಸಾಂದ್ರತೆ ಅಷ್ಟೇ ಬರುವಂತೆ ಸುಮಾರು 5.8 ಗ್ರಾಂ ಉಪ್ಪು ಕರಗಿಸಿದ್ದು ಇನ್ನೊಂದು. ಎರಡೂ ರಕ್ತಕ್ಕಿಂತ ಎಷ್ಟೋ ಪಟ್ಟು ಸಾಂದ್ರ. ಪಠ್ಯದ ಪ್ರಕಾರ ಎರಡರಲ್ಲೂ ನೀರು ಹೊರಗೆ ಹರಿದು ಕಣ ಸುಕ್ಕುಗಟ್ಟಬೇಕು. ತೊಳೆದ ಕೆಂಪು ಕಣಗಳ ಒಂದೊಂದು ಹನಿ ಬಿಟ್ಟು, ಕೊಳವೆಗಳ ಹಿಂದೆ ದಿನಪತ್ರಿಕೆ ಹಿಡಿದರೆ, ಮೊದಲಿಗೆ ಎರಡರಲ್ಲೂ ಅಕ್ಷರ ಕಾಣದಷ್ಟು ಮಬ್ಬು. ಉಪ್ಪಿನ ಕೊಳವೆ ಮಬ್ಬಾಗಿಯೇ ಇರುತ್ತದೆ. ಯೂರಿಯಾ ಕೊಳವೆ ಕೆಲವೇ ನಿಮಿಷಗಳಲ್ಲಿ ದಾಳಿಂಬೆ ಬಣ್ಣಕ್ಕೆ ತಿಳಿಯಾಗಿ, ಹಿಂದಿನ ಅಕ್ಷರಗಳನ್ನು ಓದಬಹುದಾಗುತ್ತದೆ: ಕಣಗಳೆಲ್ಲ ಒಡೆದಿವೆ.

ಕಾರಣವೆಂದರೆ, ಕೆಂಪು ಕಣದ ಪೊರೆಯಲ್ಲಿ ಯೂರಿಯಾಕ್ಕೆಂದೇ ಒಂದು ಸಾಗಣೆ ಪ್ರೋಟೀನ್ ಇದೆ. ಯೂರಿಯಾ ಅದರ ಮೂಲಕ ಒಳನುಗ್ಗುತ್ತದೆ, ಅದರ ಹಿಂದೆಯೇ ನೀರು ಅಭಿಸರಣೆಯಿಂದ ಬರುತ್ತದೆ, ಕಣ ಉಬ್ಬಿ ಬಿರಿಯುತ್ತದೆ. ದ್ರಾವಣ ಎಷ್ಟು ಸಾಂದ್ರವಾಗಿದೆ ಎಂಬುದಷ್ಟೇ ಸಾಲದು, ಅದರಲ್ಲಿ ಕರಗಿರುವ ವಸ್ತುವನ್ನು ಪೊರೆ ಒಳಗೆ ಬಿಟ್ಟುಕೊಳ್ಳುತ್ತದೆಯೇ ಎಂಬುದನ್ನೂ ನೋಡಬೇಕು. ಗ್ಲೂಕೋಸ್‌ಗೂ ಇಂಥದೇ ಸಾಗಣೆ ಪ್ರೋಟೀನ್ ಇದೆ, ಅದಕ್ಕೂ ಎಟಿಪಿ ಬೇಡ. ಡೆಕ್ಸ್ಟ್ರೋಸ್ ಜೊತೆ ಬೆರೆತ ಕಣಗಳು ಮೊದಲು ಗುಂಪುಗೂಡುತ್ತವೆ, ಬೆಚ್ಚಗಿನ ಉಷ್ಣತೆಯಲ್ಲಿ ಹೊತ್ತು ಕಳೆದಂತೆ ಉಬ್ಬಿ ಒಡೆಯತೊಡಗುತ್ತವೆ. ಸಲೈನ್‌ನ ಸೋಡಿಯಂ ಸ್ವಲ್ಪ ಒಳಸೇರಿದರೂ ಪಂಪು ಅದನ್ನು ಹೊರಗಟ್ಟುವುದರಿಂದ ಕಣ ಕ್ಷೇಮ.

ಎಬಿಓದಂತೆಯೇ ಇನ್ನೊಂದು ರಕ್ತಗುಂಪು ವ್ಯವಸ್ಥೆಯಾದ ಕಿಡ್‌ನ ಗುರುತುಗಳು ಈ ಯೂರಿಯಾ ಪ್ರೋಟೀನಿನ ಮೇಲೆಯೇ ಇವೆ. ಆ ಪ್ರೋಟೀನ್ ಇಲ್ಲದೆ ಹುಟ್ಟಿದ ಅಪರೂಪದ ದಾನಿಗಳ ಕಣಗಳು ಯೂರಿಯಾದಲ್ಲಿ ಅರ್ಧ ಗಂಟೆ ಕಳೆದರೂ ಒಡೆಯುವುದಿಲ್ಲವಾದ್ದರಿಂದ, ಅಂಥವರನ್ನು ಹುಡುಕಲು ಇದೇ ಪರೀಕ್ಷೆ ಬಳಕೆಯಲ್ಲಿದೆ. ಪೊರೆಯಲ್ಲಿ ನೀರು ಹಾಯುವ ಕಾಲುವೆಯಾದ ಅಕ್ವಪೋರಿನ್ ಪತ್ತೆಯಾದದ್ದೂ ರಕ್ತಗುಂಪಿನ ಕೆಲಸದಲ್ಲೇ. ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ, ರಕ್ತಗುಂಪಿನ ಪಾಸಿಟಿವ್, ನೆಗೆಟಿವ್ ನಿರ್ಧರಿಸುವ ಆರ್‌ಎಚ್ ಪ್ರೋಟೀನ್ ಹುಡುಕುತ್ತಿದ್ದಾಗ ಕೆಂಪು ಕಣದ ಪೊರೆಯಲ್ಲಿ ಗೊತ್ತಿಲ್ಲದ ಪ್ರೋಟೀನೊಂದು ಕಂಡಿತು. ಅದನ್ನು ಕಪ್ಪೆಯ ಮೊಟ್ಟೆಕೋಶದಲ್ಲಿ ತಯಾರಾಗುವಂತೆ ಮಾಡಿದಾಗ, ಆ ಕೋಶಗಳು ಸಾಂದ್ರತೆ ಕಡಿಮೆಯಿರುವ ದ್ರಾವಣದಲ್ಲಿ ಉಬ್ಬಿ ಒಡೆದವು. 1992ರ ಈ ಪ್ರಯೋಗಕ್ಕೆ 2003ರಲ್ಲಿ ನೊಬೆಲ್ ಸಂದಿತು.

ಕೊನೆಯದಾಗಿ ಎಬಿಓ ಗುಂಪು, ಇದರಲ್ಲಿ ಜೀನ್, ಕಣದಂಗ, ಪೊರೆ ಮೂರೂ ಒಟ್ಟಿಗೆ ಬರುತ್ತವೆ. 9ನೇ ವರ್ಣತಂತುವಿನ ಎಬಿಓ ಜೀನ್ ತಯಾರಿಸುವುದು ಗುಂಪಿನ ಗುರುತನ್ನಲ್ಲ, ಒಂದು ಕಿಣ್ವವನ್ನು. ಆ ಕಿಣ್ವ ಮಜ್ಜೆಯ ಕೋಶದ ಗಾಲ್ಗಿ ಸಂಕೀರ್ಣದಲ್ಲಿ ಕುಳಿತು, ಪೊರೆಗೆ ಹೊರಟಿರುವ ಪ್ರೋಟೀನ್ ಮತ್ತು ಕೊಬ್ಬುಗಳ ಮೇಲಿನ ‘ಎಚ್’ ಎಂಬ ಸಕ್ಕರೆ ಸರಪಳಿಯ ತುದಿಗೆ ಮತ್ತೊಂದು ಸಕ್ಕರೆಯನ್ನು ಜೋಡಿಸುತ್ತದೆ. ಎ ಮತ್ತು ಬಿ ಕಿಣ್ವಗಳು ಜೋಡಿಸುವ ಸಕ್ಕರೆ ಬೇರೆ ಬೇರೆ. ಸಾಮಾನ್ಯವಾಗಿ ಕಾಣುವ ಓ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿ ಮುಂದಿನ ಓದೆಲ್ಲ ತಪ್ಪುವುದರಿಂದ ಕಿಣ್ವ ಅರೆಬರೆಯಾಗಿ ನಿಷ್ಪ್ರಯೋಜಕವಾಗುತ್ತದೆ, ‘ಎಚ್’ ಸರಪಳಿ ಹಾಗೆಯೇ ಉಳಿಯುತ್ತದೆ. ಆ ‘ಎಚ್’ ಅನ್ನೇ ಕಟ್ಟುವ ಕಿಣ್ವದ ಜೀನ್ ಇರುವುದು 19ನೇ ವರ್ಣತಂತುವಿನಲ್ಲಿ. ಅದರ ಎರಡೂ ಪ್ರತಿಗಳು ಕೆಟ್ಟಿದ್ದರೆ, ಎ ಅಥವಾ ಬಿ ಜೀನ್ ಸರಿಯಾಗಿದ್ದರೂ ಕಿಣ್ವಕ್ಕೆ ಜೋಡಿಸಲು ತುದಿಯೇ ಸಿಗುವುದಿಲ್ಲ. ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಮುಂಬಯಿಯಲ್ಲಿ ವರದಿ ಮಾಡಿದ ಬಾಂಬೆ ಗುಂಪು ಇದೇ.

ಬೆಂಚಿನ ಮೇಲೆ ಇದು ಓ ಗುಂಪಿನ ವೇಷದಲ್ಲಿ ಬರುತ್ತದೆ. ಎ ಮತ್ತು ಬಿ ಗುರುತುಗಳಿಗೆ ಅಂಟುವ ಪ್ರತಿಕಾಯಗಳಾದ ಆಂಟಿ-ಎ, ಆಂಟಿ-ಬಿ ಎರಡರಲ್ಲೂ ಕಣಗಳು ಗುಂಪುಗೂಡುವುದಿಲ್ಲ. ಸೀರಂ (ರಕ್ತದ ತಿಳಿ ದ್ರವ) ಪರೀಕ್ಷೆಯಲ್ಲಿ ಎ ಕಣ, ಬಿ ಕಣಗಳ ಜೊತೆಗೆ ಓ ಕಣಗಳನ್ನೂ ಇಟ್ಟಿದ್ದರೆ ಮಾತ್ರ ಗುಟ್ಟು ಹೊರಬೀಳುತ್ತದೆ: ಈ ವ್ಯಕ್ತಿಯ ಸೀರಂ ಓ ಕಣಗಳನ್ನೂ ಬಲವಾಗಿ ಗುಂಪುಗೂಡಿಸುತ್ತದೆ, ಏಕೆಂದರೆ ಅದರಲ್ಲಿ ಆಂಟಿ-ಎಚ್ ಇದೆ. ಕೆಲಸದ ಒತ್ತಡದಲ್ಲಿ ಓ ಕಣದ ಕೊಳವೆಯನ್ನು ಕೈಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಈ ಜೋಡಣೆಯ ಕತೆ ಕೇಳಿದ ಮೇಲೆ ನಮ್ಮ ವಿದ್ಯಾರ್ಥಿಗಳು ಅದನ್ನು ಬಿಟ್ಟದ್ದನ್ನು ನಾನು ನೋಡಿಲ್ಲ. ಅಂಥ ರೋಗಿ ಸಿಕ್ಕಾಗ ಮುಂದೇನು ಮಾಡಬೇಕೆಂಬುದನ್ನೂ ಅವರೇ ಹೇಳುತ್ತಾರೆ: ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಪ್ರತಿ ಒಂದೊಂದು ಇದ್ದೇ ಇರುವುದರಿಂದ, ಒಡಹುಟ್ಟಿದ ಪ್ರತಿಯೊಬ್ಬರೂ ಬಾಂಬೆ ಗುಂಪಿನವರಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲಾದರೂ ಇದೆ, ಹಾಗಾಗಿ ಅಪರೂಪದ ದಾನಿಗಳ ಪಟ್ಟಿಗೆ ಫೋನ್ ಮಾಡುವ ಜೊತೆಗೇ ರೋಗಿಯ ಅಣ್ಣತಮ್ಮ, ಅಕ್ಕತಂಗಿಯರನ್ನು ಪರೀಕ್ಷೆಗೆ ಕರೆಸಬೇಕು.